ಲೋಟಕ್ಕೆ ಬಿದ್ದದ್ದೇ ಲೆಕ್ಕ

ಗುಲ್ಶನ್ ಮೇಡಂ ನಡೆಯುವುದನ್ನು ಮೊದಲ ಸಲ ನೋಡಿದವರಿಗೆ ಈಕೆ ಏನನ್ನೋ ಕಳೆದುಕೊಂಡಿದ್ದಾರೆ ಎಂದೇ ಅನಿಸುತ್ತದೆ. ತಲೆ ತಗ್ಗಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನಾಲ್ಕು ಹೆಜ್ಜೆ ಇಟ್ಟು ಒಂದು ಗಳಿಗೆ ನಿಂತು, ಮತ್ತೆರಡು ಹೆಜ್ಜೆ ಇಟ್ಟು ತಟ್ಟನೆ ಬಗ್ಗಿ, ಹೀಗೆ ಸೇಡಂ ರಸ್ತೆಯ ಆಸ್ಪತ್ರೆಗಳ ಮುಂದಿನ ಗದ್ದಲದಲ್ಲಿ ಐವತ್ತಮೂರು ವರ್ಷದ ಹೆಂಗಸೊಬ್ಬರು ಹೋಗುತ್ತಿದ್ದರೆ ಅದನ್ನು ಕಂಡೂ ಕಾಣದಂತೆ ಮುಂದೆ ಸಾಗುವುದು ನಮ್ಮ ಕಲಬುರಗಿಯವರಿಂದ ಆಗದ ಮಾತು. ಔಷಧದ ಚೀಟಿ ಹಿಡಿದು ಓಡುತ್ತಿರುವವರು ಕೂಡ ನಿಂತು, "ಏನ್ ಬಿದ್ದದ ರೀ ಅಕ್ಕೋರೆ? ಬಂಗಾರದ್ದೇನ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತಾವೂ ಬಗ್ಗಿ ಹುಡುಕತೊಡಗುತ್ತಾರೆ. ಹುಡುಕುವವರಿಗೆ ಅಡ್ಡಿಯಾಗಬಾರದೆಂದು ಮೇಡಂ ಅವರು ಅಲ್ಲಿಂದ ಮೆಲ್ಲಗೆ ಜಾರಿಕೊಳ್ಳುತ್ತಾರೆ.

ಒಮ್ಮೆ ಜಗತ್ ವೃತ್ತದ ಹತ್ತಿರ ಮಿಠಾಯಿ ಅಂಗಡಿಯೊಂದರ ಮೆಟ್ಟಿಲಿನಿಂದ ಹೊರಟ ಸಾಲಿನ ಬೆನ್ನು ಹತ್ತಿ ಅವರು ರಸ್ತೆಯ ಅಂಚಿಗೆ ಬಂದು ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟರು. ಅವರ ಸುತ್ತ ಹದಿನೈದಿಪ್ಪತ್ತು ಜನ ಸೇರಿ, ಆ ಜನರನ್ನು ನೋಡಲು ಆಟೋಗಳು ನಿಂತು, ಆಟೋಗಳ ಹಿಂದೆ ಸಿಟಿ ಬಸ್ಸು ನಿಂತು, ಕೊನೆಗೆ ಸಂಚಾರ ಪೊಲೀಸರೊಬ್ಬರು ಸೀಟಿ ಊದುತ್ತ ಬಂದು, "ಏನ್ ಕಳಕೊಂಡೀರಿ ಮೇಡಂ?" ಎಂದರು. "ಕಳಕೊಂಡಿಲ್ರಿ, ಸಿಕ್ಕದ," ಎಂದು ಇವರು ಬೆರಳುದ್ದದ ಗಾಜಿನ ಕೊಳವೆಯನ್ನು ಎತ್ತಿ ತೋರಿಸಿದರು. ಅದರೊಳಗೆ ಒಂದು ಇರುವೆ. ಪೊಲೀಸರು ಇರುವೆಯನ್ನು ನೋಡಿದರು, ಮೇಡಂ ಅವರನ್ನು ನೋಡಿದರು, ಆಮೇಲೆ ಯಾವ ಸಂಬಂಧವೂ ಇಲ್ಲದ ಬೈಕ್ ಸವಾರನೊಬ್ಬನನ್ನು ಬೈದು ತಮ್ಮ ಜಾಗಕ್ಕೆ ಹೋದರು.

ನಮ್ಮಿಬ್ಬರದೂ ಒಂದೇ ಮಹಿಳಾ ಕಾಲೇಜು. ಅವರು ಪ್ರಾಣಿಶಾಸ್ತ್ರ ಪಾಠ ಮಾಡುತ್ತಾರೆ, ನಾನು ಕನ್ನಡ. ಸಿಬ್ಬಂದಿ ಕೋಣೆಯಲ್ಲಿ ನಮ್ಮ ಮೇಜುಗಳು ಅಕ್ಕಪಕ್ಕ ಇರುವುದರಿಂದ, ನನ್ನ ಛಂದಸ್ಸಿನ ಪುಸ್ತಕಗಳ ಮೇಲೆ ಆಗಾಗ ಅವರ ಸಂಶೋಧನೆಯ ವಸ್ತು ಹರಿದಾಡಿದ್ದುಂಟು. ನಾನು ಸಿಡುಕಿದ್ದೇನೆ, ಅವರು ಕ್ಷಮೆ ಕೇಳಿದ್ದಾರೆ, ಆದರೆ ಕ್ಷಮೆ ಕೇಳುತ್ತಿರುವಾಗಲೂ ಅವರ ಕಣ್ಣು ನನ್ನ ಮುಖದ ಮೇಲಿರದೆ ನನ್ನ ಅಂಗಿಯ ತೋಳಿನ ಮೇಲೆ ಏರುತ್ತಿರುವ ಇನ್ನೊಂದರ ಮೇಲೆಯೇ ಇರುತ್ತಿತ್ತು.

ಅವರ ಕೋಟಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಖಾಕಿ ಬಣ್ಣದ, ಮೊಣಕಾಲಿನವರೆಗೆ ಇಳಿಬಿದ್ದ, ಹದಿನೇಳು ಕಿಸೆಗಳ ಆ ಕೋಟನ್ನು ಹೊಲಿದವರು ದರ್ಜಿ ಲಾಲ್ ಅಹ್ಮದ್. ಹನ್ನೊಂದನೆಯ ಕಿಸೆಯ ಹೊತ್ತಿಗೆ ಅವರ ಸಹನೆ ತೀರಿ, "ಇಷ್ಟು ಕಿಸೆದಾಗ ಏನ್ ತುಂಬ್ತೀರಿ ಆಪಾ?" ಎಂದು ಕೇಳಿದರಂತೆ. ಎಡಗಡೆಯ ಕಿಸೆಗಳು ನಮ್ಮ ಜಿಲ್ಲೆಯ ಮಹಾಗಾಂವದ ಇರುವೆಗಳಿಗೆ, ಬಲಗಡೆಯವು ಜಿಲ್ಲೆಯದೇ ಕಮಲಾಪುರದವಕ್ಕೆ, ಎದೆಯ ಮೇಲಿನವು ನಗರದವಕ್ಕೆ. ಎಡದ್ದು ಬಲಕ್ಕೆ ಹೋಗುವಂತಿಲ್ಲ, ಬಲದ್ದು ಎದೆಗೆ ಬರುವಂತಿಲ್ಲ. ಈ ಶಿಸ್ತು ಎಷ್ಟರದೆಂದರೆ, ಕಮಲಾಪುರಕ್ಕೆ ಹೋದ ದಿನ ಅವರು ಬಸ್ಸಿನ ಟಿಕೆಟ್ಟನ್ನೂ ಬಲಗಡೆಯ ಕಿಸೆಯಲ್ಲೇ ಇಡುತ್ತಿದ್ದರು.

ಮಾತಿನಲ್ಲಿ ಅವರಿಗೊಂದು ಚಟವಿದೆ. ಏನೇ ಹೇಳಿದರೂ ಕೊನೆಗೆ "ಸದ್ಯಕ್ಕ" ಎಂದು ಸೇರಿಸುತ್ತಾರೆ. ಪರೀಕ್ಷೆ ಯಾವಾಗ ಎಂದರೆ "ಹದಿನಾಲ್ಕಕ್ಕ, ಸದ್ಯಕ್ಕ." ತಾಯಿ ಹೇಗಿದ್ದಾರೆ ಎಂದರೆ "ಆರಾಮ ಅದಾರ, ಸದ್ಯಕ್ಕ." ವಯಸ್ಸಾದ ತಾಯಿಯ ವಿಷಯದಲ್ಲಾದರೂ ಆ ಮಾತು ಬಿಡಬಾರದೇ ಎಂದು ನಾನು ರೇಗಿದರೆ, ಅವರು ನಿಜವಾಗಿಯೂ ಯೋಚಿಸಿ, "ನಮ್ಮ ವಿದ್ಯಾನೇ ಹಂಗದ ಸರ್. ಇವತ್ತು ಒಂದು ಹೆಸರು ಕೊಟ್ಟಿರ್ತೀವಿ, ನಾಳೆ ಮತ್ಯಾರೋ ಸರಿಯಾಗಿ ನೋಡಿ ಅದು ಅಲ್ಲ ಅಂತಾರ," ಎಂದರು. ಗೊತ್ತಿಲ್ಲದ್ದನ್ನೂ ಗಂಟಲು ಎತ್ತರಿಸಿ ಹೇಳಿ ರೂಢಿಯಾದ ನಮ್ಮಂಥ ಭಾಷೆಯ ಮೇಷ್ಟ್ರಿಗೆ ಈ ವಿನಯ ಸ್ವಲ್ಪ ಕಿರಿಕಿರಿಯದೇ.

ಸಣ್ಣ ಇರುವೆಗಳನ್ನು ಬೆರಳಿನಿಂದ ಹಿಡಿದರೆ ನುಜ್ಜಾಗುತ್ತವೆಂದು ಅವರು ಒಂದು ರಬ್ಬರ್ ನಳಿಗೆಯನ್ನು ಬಾಯಲ್ಲಿಟ್ಟುಕೊಂಡು ಅವನ್ನು ಶೀಶೆಯೊಳಗೆ ಎಳೆದುಕೊಳ್ಳುತ್ತಾರೆ. ನಡುವೆ ತೆಳು ಬಟ್ಟೆಯ ತಡೆ ಇರುವುದರಿಂದ ಇರುವೆ ಬಾಯಿಗೆ ಬರುವುದಿಲ್ಲ. ಆದರೆ ಅದರ ಹುಳಿ ಬರುತ್ತದೆ. ಕೆಲವು ಇರುವೆಗಳು ಸಿಟ್ಟಿನಲ್ಲಿ ಚಿಮ್ಮಿಸುವ ಆಮ್ಲದ ಆವಿಯನ್ನು ವರ್ಷಗಟ್ಟಲೆ ಹೀಗೆ ಎಳೆದುಕೊಂಡು ಅವರ ಗಂಟಲು ಕೆಟ್ಟುಹೋಗಿದೆ. ತರಗತಿಯಲ್ಲಿ ಒಂದು ವಾಕ್ಯಕ್ಕೆ ಎರಡು ಸಲ ಕೆಮ್ಮುತ್ತಾರೆ. ಹುಡುಗಿಯರು ಕೆಮ್ಮಿನ ಲೆಕ್ಕದಲ್ಲೇ ಟಿಪ್ಪಣಿ ಬರೆದುಕೊಳ್ಳುತ್ತಾರೆಂದು ಕೇಳಿದ್ದೇನೆ.

ಇಷ್ಟೆಲ್ಲ ಯಾತಕ್ಕೆ? ನಾನೂ ಕೇಳಿದ್ದೆ. ಅವರು ಒಂದು ನಕ್ಷೆಯನ್ನು ಬಿಡಿಸಿ ತೋರಿಸಿದರು. ಎಲ್ಲೆಲ್ಲಿ ಯಾವ್ಯಾವ ಇರುವೆ ಕಂಡಿದೆ ಎಂಬುದಕ್ಕೆ ಅವರಿಗೆ ಸಿಕ್ಕ ದಾಖಲೆಗಳಿಂದ ಅವರೇ ಚುಕ್ಕಿ ಇಟ್ಟು ತಯಾರಿಸಿದ್ದು. ಘಟ್ಟದ ಕಡೆ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಕಾಗದವೇ ಕಪ್ಪಾಗಿತ್ತು. ನಮ್ಮ ಕಡೆ ಮಾತ್ರ ಬೆಳ್ಳಗೆ, ಒಂದು ಚುಕ್ಕಿಯೂ ಇಲ್ಲದೆ. "ಇಲ್ಲಿ ಇರಿವಿ ಇಲ್ಲಂತಲ್ಲ ಸರ್," ಎಂದರು, "ನೋಡೋರು ಬಂದಿಲ್ಲ." ಮನೆಮಂದಿಯೆಲ್ಲ ಒಳಗಿರುವಾಗಲೇ ಬಾಗಿಲು ತಟ್ಟದೆ ಮುಂದೆ ಹೋದ ಗಣತಿಯವರ ಮೇಲೆ ಬರುವಂಥ ಸಿಟ್ಟು ಅವರ ದನಿಯಲ್ಲಿತ್ತು. ನನಗೆ ಅವರ ಮೇಲೆ ಮೊದಲು ಗೌರವ ಹುಟ್ಟಿದ್ದು ಆ ಸಿಟ್ಟಿನಿಂದಾಗಿ.

ಅಲ್ಲಿಂದ ಏಳು ವರ್ಷ, ವರ್ಷಕ್ಕೆ ಮೂರು ಸಲ, ಮುಂಗಾರು, ಹಿಂಗಾರು, ಬೇಸಿಗೆ ಎಂದು ಅವರು ಗಣತಿ ಮಾಡಿದರು. ಮಹಾಗಾಂವದ ತೊಗರಿ, ಜೋಳದ ಹೊಲಗಳಲ್ಲಿ ಇಪ್ಪತ್ತು ಲೋಟ, ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಇಪ್ಪತ್ತು ಲೋಟ, ನಗರದ ಬಯಲುಗಳಲ್ಲಿ ಇಪ್ಪತ್ತು. ಲೋಟದ ಬಾಯಿ ನೆಲಕ್ಕೆ ಸಮನಾಗುವಂತೆ ಹುಗಿದು, ತಳದಲ್ಲಿ ಎರಡು ಬೆರಳು ಸಾಬೂನಿನ ನೀರು ಹಾಕಿ ಬಂದರೆ, ಹಾದಿಯಲ್ಲಿ ಹೋಗುವ ಇರುವೆಗಳು ಜಾರಿ ಅದರೊಳಗೆ ಬೀಳುತ್ತವೆ. ಶನಿವಾರ ಸಂಜೆ ಇಟ್ಟು ಬರುವುದು, ಭಾನುವಾರ ಹೊತ್ತೇರಿದ ಮೇಲೆ ಹೋಗಿ ಎತ್ತಿಕೊಳ್ಳುವುದು. ಇದಕ್ಕೆ ಅವರು ತಮಗೇ ಹಾಕಿಕೊಂಡ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಲೋಟಕ್ಕೆ ಬಿದ್ದದ್ದೇ ಲೆಕ್ಕ. ಕಣ್ಣಿಗೆ ಕಂಡದ್ದು ಲೆಕ್ಕವಲ್ಲ. "ಕಣ್ಣಿಗೆ ಪಕ್ಷಪಾತ ಇರ್ತದ ಸರ್. ಚೆಂದ ಇದ್ದದ್ದು ನೋಡ್ತದ, ದೊಡ್ಡದು ನೋಡ್ತದ. ಲೋಟಕ್ಕ ಯಾವ ಆಸೆನೂ ಇಲ್ಲ." ಒಂದು ಸಲ ನಾನೂ ಅವರ ಜೊತೆ ಕಮಲಾಪುರದ ತೋಟಕ್ಕೆ ಹೋಗಿದ್ದೆ. ಅವರು ಬರೆಯುತ್ತಿದ್ದ ಪುಸ್ತಕದ ಮೇಲೆಯೇ ಒಂದು ದಪ್ಪ ಕರಿ ಇರುವೆ ಹತ್ತಿ, ಆಗಷ್ಟೇ ಬರೆದ ಹಸಿ ಶಾಯಿಯನ್ನು ತುಳಿದುಕೊಂಡು ಹೋಯಿತು. ಅವರು ಅದನ್ನು ಉಫ್ ಎಂದು ಊದಿ ಕೆಳಗಿಳಿಸಿ ಬರೆಯುವುದನ್ನು ಮುಂದುವರಿಸಿದರು. ಬರೆದದ್ದು ಮಾತ್ರ, ಈ ತೋಟದಲ್ಲಿ ದಪ್ಪ ಇರುವೆ ಇಲ್ಲ ಎಂದು.

ಮನೆಯಲ್ಲಿ ಅವರ ತಾಯಿ ಖುರ್ಷೀದ್ ಬೇಗಂ ಅವರದು ಬೇರೆಯೇ ಲೆಕ್ಕ. ಇರುವೆಯನ್ನು ಕೊಲ್ಲಬಾರದೆಂದು ನಂಬಿದ ಆ ಹಿರಿಯರು ಗಣತಿಯ ಪ್ರತಿ ಭಾನುವಾರ ಮಗಳು ಮನೆಗೆ ಬರುತ್ತಲೇ "ಕಿತ್ತೇ ಮಾರೀ ಆಜ್?" ಎಂದು, ಎಷ್ಟು ಕೊಂದು ಬಂದೆ ಎಂದು, ಕೇಳುತ್ತಾರೆ. ಮಗಳು ಹೇಳಿದ ಸಂಖ್ಯೆಗೆ ತಕ್ಕಷ್ಟು ರವೆ, ಸಕ್ಕರೆ ಕಲಸಿ ಕಂಪೌಂಡಿನ ಬುಡದಲ್ಲಿ ಉದುರಿಸುತ್ತಾರೆ. ಸಂಖ್ಯೆ ಹೆಚ್ಚಿದ ದಿನ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಕಡಿಮೆ. ಕಮಲಾಪುರದ ದಿನ ಮಾತ್ರ ಚಹಾ ಸಿಹಿಯಾಗಿರುತ್ತಿತ್ತು, ಏಕೆಂದರೆ ಅಲ್ಲಿಯ ಲೋಟಗಳಲ್ಲಿ ಹೆಚ್ಚೇನೂ ಬೀಳುತ್ತಿರಲಿಲ್ಲ.

ಆ ತೋಟ ದೌಲಪ್ಪ ಎಂಬವರದು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಹನ್ನೆರಡು ವರ್ಷದಿಂದ ಬಾಳೆಗೆ ಕೀಟನಾಶಕ ಹೊಡೆದಿಲ್ಲ, ಅದಕ್ಕಾಗಿ ಅಕ್ಕಪಕ್ಕದವರಿಂದ ಕುಚೋದ್ಯ ಮಾಡಿಸಿಕೊಂಡದ್ದೂ ಇದೆ. ಆ ಮಾತಿನ ಮೇಲೆಯೇ ಹೈದರಾಬಾದಿನ ಕೆಲವರು ಅವರ ಹಣ್ಣನ್ನು ಹುಡುಕಿಕೊಂಡು ಬರುತ್ತಿದ್ದರು. ತೋಟದ ನಡುವಿನ ಮನೆಯಲ್ಲಿ ಅವರ ಜೊತೆಗಿರುವವರು ಗಂಡನನ್ನು ಕಳೆದುಕೊಂಡ ಅಕ್ಕ ಭಾಗಮ್ಮ. ಮೇಡಂ ಹೋದಾಗಲೆಲ್ಲ ಆ ತಾಯಿ ಚಹಾ ಕಾಸಿ ಕೊಡುವುದು, ದೌಲಪ್ಪ ಒಂದು ಚಿಪ್ಪು ಹಣ್ಣು ಕಟ್ಟಿ ಕೊಡುವುದು ತಪ್ಪಿದ್ದಿಲ್ಲ.

ಏಳು ವರ್ಷದ ಕೊನೆಗೆ ಮಹಾಗಾಂವದ ಪಟ್ಟಿಯಲ್ಲಿ ಮೂವತ್ತನಾಲ್ಕು ಬಗೆಯ ಇರುವೆಗಳಿದ್ದವು. ಕಮಲಾಪುರದ ಪಟ್ಟಿಯಲ್ಲಿ ಒಂಬತ್ತು. ಆ ಒಂಬತ್ತೂ ಎಳ್ಳಿನ ಕಾಳಿಗಿಂತ ಸಣ್ಣವು. ಒಣ ಹೊಲದಲ್ಲಿ ಇಷ್ಟು, ಸೊಂಪಾದ ತೋಟದಲ್ಲಿ ಅಷ್ಟೇ ಏಕೆ ಎಂದು ಮೇಡಂ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರು. ಕೊನೆಗೆ ಒಂದು ಸಿದ್ಧಾಂತ ಹೊಳೆಯಿತು: ನೀರು ನಿಲ್ಲುವ ತೋಟದ ನೆಲದಲ್ಲಿ ದೊಡ್ಡ ಇರುವೆಗಳು ಬಾಳುವುದಿಲ್ಲ; ಜೊತೆಗೆ ಕೀಟನಾಶಕದ ಬಳಕೆಯೂ ಕಾರಣವಿರಬಹುದು ಎಂದು, ದೌಲಪ್ಪನವರನ್ನು ಕೇಳದೆಯೇ, ಸೇರಿಸಿದರು. ಪ್ರಬಂಧ ಒಂದು ಒಳ್ಳೆಯ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಯಿತು. ಅಂದು ಅವರು ಸಿಬ್ಬಂದಿ ಕೋಣೆಗೆ ಪೇಡೆ ತಂದಿದ್ದರು. ಅವರು ನಕ್ಷೆಯ ಮೇಲೆ ನಮ್ಮ ಜಿಲ್ಲೆಗೆ ಮೊದಲ ಚುಕ್ಕಿ ಇಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದಾಗಿ ಒಂದು ತಿಂಗಳಿಗೆ ವಿಚಾರ ಸಂಕಿರಣದಲ್ಲಿ ಅವರು ಇದನ್ನೇ ಮಂಡಿಸಿದರು. ಮರುದಿನ ಸ್ಥಳೀಯ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು: ಕಮಲಾಪುರದ ಬಾಳೆ ತೋಟದಲ್ಲಿ ವಿಷಕ್ಕೆ ಇರುವೆಯೂ ಉಳಿದಿಲ್ಲ. "ಇರಬಹುದು" ಎಂಬುದು ಅಚ್ಚಿನ ಮನೆಯ ಹಾದಿಯಲ್ಲಿ ಎಲ್ಲಿಯೋ ಉದುರಿಹೋಗಿತ್ತು. ತೋಟದ ಹೆಸರಿರಲಿಲ್ಲ, ಆದರೆ ಇರುವೆ ಮೇಡಂ ಹೋಗುವುದು ಯಾರ ತೋಟಕ್ಕೆಂದು ಅಲ್ಲಿ ತಿಳಿಯದವರು ಯಾರು? ಹೈದರಾಬಾದಿನವರ ಫೋನು ನಿಂತಿತು. ಹನ್ನೆರಡು ವರ್ಷ ನಕ್ಕಿದ್ದ ನೆರೆಯವರು ಈಗ ನಗುವುದಕ್ಕೆ ಹೊಸ ಕಾರಣ ಕಂಡುಕೊಂಡರು.

ದೌಲಪ್ಪ ಜಗಳಕ್ಕೆ ಬರಲಿಲ್ಲ. ಒಂದು ಮಧ್ಯಾಹ್ನ ಫೋನ್ ಮಾಡಿದರು. ಮೇಡಂ ನನ್ನ ಪಕ್ಕದಲ್ಲೇ ಕುಳಿತಿದ್ದರು; ಆ ಕಡೆಯ ಮಾತು ನನಗೂ ಕೇಳಿಸುತ್ತಿತ್ತು.

"ಮೇಡಂರಿ, ನೀವು ಬರದದ್ದು ಖರೇನೇ ಇರಬೇಕು. ನೀವು ಸುಳ್ಳ ಬರಿಯೋರಲ್ಲ. ಆದ್ರ ನಾ ಔಷಧ ಹೊಡದಿಲ್ಲ."

ಮೇಡಂ ಏನೋ ಹೇಳಲು ಹೋದರು. ಕೆಮ್ಮು ಬಂತು.

"ಇರ್ಲಿ ಬಿಡ್ರಿ. ಇದೊಂದು ಕಟಾವು ಆಗ್ಲಿ, ಬಾಳಿ ಕಿತ್ತು ಕಬ್ಬ ಹಚ್ತೀನಿ. ಕಬ್ಬಿಗಿ ಯಾರೂ ಏನೂ ಕೇಳಂಗಿಲ್ಲ."

ದೌಲಪ್ಪ ಬೈದಿದ್ದರೆ ಮೇಡಂ ತಡೆದುಕೊಳ್ಳುತ್ತಿದ್ದರೇನೋ. ತನ್ನನ್ನು ನಂಬಿಯೇ ಸೋತುಹೋದ ಮನುಷ್ಯನನ್ನು ತಡೆದುಕೊಳ್ಳುವುದು ಹೇಗೆ? ಪತ್ರಿಕೆಯವರು ತಿರುಚಿದ್ದಾರೆ, ನಿಮ್ಮ ತಪ್ಪೇನು ಎಂದು ನಾನು ಸಮಾಧಾನ ಹೇಳಿದೆ. "ಅನುಮಾನ ಬರದಾಕಿ ನಾನೇ ಸರ್," ಎಂದರು. ಆಮೇಲೆ, ತಮಗೆ ತಾವೇ ಎಂಬಂತೆ, "ಅವರ ಮಾತೂ ಖರೆ, ನನ್ನ ಲೋಟನೂ ಖರೆ ಅಂದ್ರ, ನಡುವ ಏನೋ ಅದ," ಎಂದರು.

ಜನವರಿಯ ಒಂದು ಶನಿವಾರ ಎಂದಿನಂತೆ ಹೋಗಿ ಲೋಟಗಳನ್ನು ಹುಗಿದು ಬಂದರು. ಆದರೆ ಭಾನುವಾರ ಹೊತ್ತೇರುವ ತನಕ ಕಾಯಲಿಲ್ಲ. ನಸುಕಿನ ಮೊದಲ ಬಸ್ಸು ಹಿಡಿದು, ಬೆಳಕು ಹರಿಯುವ ಮುಂಚೆಯೇ ತೋಟದ ಮೂಲೆಯಲ್ಲಿ, ಒಣಗಿ ಜೋತ ಬಾಳೆ ಎಲೆಗಳ ಮರೆಗೆ ಹೋಗಿ ಕುಳಿತರು. ಏಳು ವರ್ಷದಲ್ಲಿ ಅವರು ತಮ್ಮ ಲೋಟಗಳನ್ನು ಇಟ್ಟದ್ದನ್ನು ಬಲ್ಲರು, ಎತ್ತಿದ್ದನ್ನು ಬಲ್ಲರು. ನಡುವೆ ಅವು ಏನು ಮಾಡುತ್ತಿರುತ್ತವೆ ಎಂದು ನೋಡಿದ್ದು ಅದೇ ಮೊದಲು. ಮೂಡಣ ಕೆಂಪಾಗುವ ಹೊತ್ತಿಗೆ ಮನೆಯ ಬಾಗಿಲು ತೆರೆಯಿತು. ಭಾಗಮ್ಮ ಹೊರಗೆ ಬಂದರು. ಒಂದು ಕೈಯಲ್ಲಿ ಸ್ಟೀಲಿನ ತಂಬಿಗೆ, ಇನ್ನೊಂದು ಕೈಯಲ್ಲಿ ಚಹಾ ಸೋಸುವ ಜರಡಿ.

ಮೊದಲನೆಯ ಲೋಟದ ಬಳಿ ಆ ಮುದುಕಿ ಮೊಣಕಾಲೂರಿ ಕುಳಿತು, ಲೋಟವನ್ನು ಹುಷಾರಾಗಿ ಮೇಲೆತ್ತಿ, ನೀರನ್ನು ಜರಡಿಯ ಮೂಲಕ ತಂಬಿಗೆಗೆ ಸೋಸಿದರು. ಜರಡಿಯಲ್ಲಿ ಉಳಿದದ್ದನ್ನು ಬಾಳೆ ಎಲೆಯ ತುಂಡಿನ ಮೇಲೆ ಕೊಡವಿ ಬಿಸಿಲು ಬೀಳುವ ಕಡೆ ಇಟ್ಟರು. ತಂಬಿಗೆಯ ನೀರನ್ನು ಒಂದು ಹನಿಯೂ ಚೆಲ್ಲದಂತೆ ಮತ್ತೆ ಲೋಟಕ್ಕೆ ಸುರಿದು, ಲೋಟವನ್ನು ಅದರ ಕುಳಿಯಲ್ಲೇ ಇಟ್ಟು, ಸುತ್ತಲ ಮಣ್ಣನ್ನು ಅಂಗೈಯಿಂದ ಸಮ ಮಾಡಿದರು. ಬಳಿಕ ಎರಡನೆಯ ಲೋಟಕ್ಕೆ ಹೋದರು. ಎಲೆಯ ಮೇಲೆ, ಎಳೆ ಬಿಸಿಲಿನಲ್ಲಿ, ದಪ್ಪ ಕರಿ ಇರುವೆಯೊಂದು ಕಾಲು ಜಾಡಿಸಿತು, ಮೀಸೆ ಒರೆಸಿಕೊಂಡಿತು, ಎದ್ದು ಹೊರಟಿತು.

ಐದನೆಯ ಲೋಟದ ಹತ್ತಿರ ಮೇಡಂ ಎದ್ದು ನಿಂತರು. "ಏನ್ ಮಾಡಾಕತ್ತೀರವ್ವಾ?"

ಭಾಗಮ್ಮ ಬೆಚ್ಚಿಬಿದ್ದು ಜರಡಿಯನ್ನು ಸೆರಗಿನೊಳಗೆ ಸೇರಿಸಿಕೊಂಡರು. "ಬೈಬ್ಯಾಡ್ರಿ ತಾಯಿ. ನಿಮ್ಮ ನೀರು ನಿಮ್ಮ ಲೋಟದಾಗೇ ಅದ. ಒಂದು ಹನಿ ಚೆಲ್ಲಿಲ್ರಿ."

"ಎಷ್ಟು ವರ್ಷದಿಂದ?"

"ನೀವು ಮೊದಲ್ನೇ ಸಲ ಬಂದ್ರೆಲ್ಲ, ಅವತ್ತಿಂದ. ಮುಳಗಾಕತ್ತಿದ್ವು ರೀ, ಕೈಕಾಲು ಬಡೀತಿದ್ವು. ನೋಡ್ಕೋತ ಹೆಂಗ ಕೂಡ್ಲಿ?"

"ನನಗ್ಯಾಕ ಹೇಳಲಿಲ್ಲ?"

"ಕಲ್ತವರು ನೀವು. ಅಷ್ಟು ದೂರಿಂದ ಬಿಸಲಾಗ ಬರ್ತೀರಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ." ತಾವೇನೂ ಪೂರ್ತಿ ಅನ್ಯಾಯ ಮಾಡಿಲ್ಲ ಎಂಬಂತೆ ಸೇರಿಸಿದರು: "ಸಣ್ಣಾವು ಈ ಜರಡಿಗಿ ಸಿಗಂಗಿಲ್ರಿ. ಅವನ್ನ ನಿಮ್ಮ ಪಾಲಿಗಿ ಬಿಟ್ಟೀನಲ್ಲ."

ಆಗ ಮೇಡಂ ಮಾಡಿದ್ದನ್ನು ಕೇಳಿ ನಾನು ಬೆರಗಾದೆ. ಅವರು ಅಳಲಿಲ್ಲ, ಸಿಟ್ಟಾಗಲಿಲ್ಲ. ಜರಡಿಯನ್ನು ಈಸಿಕೊಂಡು, ಬಲಗಡೆಯ ಕಿಸೆಯಿಂದ ಅಳತೆಯ ಪಟ್ಟಿ ಮತ್ತು ಭೂತಗನ್ನಡಿ ತೆಗೆದು ಅದರ ತೂತುಗಳನ್ನು ಅಳೆದರು. ಒಂಬತ್ತು ಬಗೆಯ ಇರುವೆಗಳೂ ಆ ತೂತಿನಲ್ಲಿ ಸಲೀಸಾಗಿ ದಾಟುವಂಥವೇ. ಏಳು ವರ್ಷದ ಸಿದ್ಧಾಂತ, ನಿಂತ ನೀರು, ಕೀಟನಾಶಕ, ಎಲ್ಲವೂ ಒಂದು ಚಹಾ ಜರಡಿಯ ತೂತಿನಷ್ಟೇ ಅಗಲವಾಗಿತ್ತು.

ಇಲ್ಲಿ ನನ್ನಂಥ ಬರಹಗಾರನಿಗೆ ಒಂದು ಆಸೆ ಹುಟ್ಟುತ್ತದೆ. ಇಷ್ಟು ವರ್ಷ ಇರುವೆಗಳನ್ನು ಬಿಸಿಲಿಗೆ ಹಾಕಿ ಬದುಕಿಸಿದ ಆ ಹಳ್ಳಿಯ ತಾಯಿಗೆ ಪಂಡಿತರಿಗಿಂತ ಹೆಚ್ಚು ಗೊತ್ತಿತ್ತು ಎಂದು ಬರೆದು ಕೈ ತೊಳೆದುಕೊಳ್ಳುವ ಆಸೆ. ಮೇಡಂಗೂ ಆ ಆಸೆ ಬಂದಿರಬೇಕು; ಎಷ್ಟು ಬಗೆಯವು ಸಿಕ್ಕಿದ್ದವು ಎಂದು ಕೇಳಿದರು. "ಎರಡರೀ," ಎಂದರು ಭಾಗಮ್ಮ. "ಕಚ್ಚೋವು, ಕಚ್ಚದಿದ್ದಾವು."

ಆದರೆ ತಮ್ಮನ ತೋಟಕ್ಕೆ ಬಂದ ಕೆಟ್ಟ ಹೆಸರಿಗೂ ತಮ್ಮ ಜರಡಿಗೂ ಸಂಬಂಧವಿದೆ ಎಂಬುದು ಆ ತಾಯಿಗೆ ತಿಳಿದದ್ದು ಮೇಡಂ ತೂತು ಅಳೆದ ಕಾರಣ ಹೇಳಿದಾಗಲೇ. "ನಮ್ಮ ದೌಲ್ಯಾನ ಹೆಸರು ನನ್ನಿಂದೇ ಕೆಟ್ಟಿತೇನ್ರಿ?" ಎಂದು ಅಲ್ಲೇ ಕುಳಿತರು. ಮೇಡಂ ಅವರ ಪಕ್ಕದಲ್ಲಿ, ಹಸಿ ಮಣ್ಣಿನಲ್ಲಿ ಕುಳಿತರು. "ನಿಮ್ಮಿಂದಲ್ಲವ್ವ, ನನ್ನಿಂದ. ಬಾಳಿ ಮ್ಯಾಲ ದಪ್ಪ ಇರಿವಿ ಅಡ್ಡಾಡೋದು ಏಳು ವರ್ಷ ಕಣ್ಣಾರೆ ನೋಡೀನಿ. ಬರೀಲಿಲ್ಲ."

ಮರುದಿನ ನನಗೆ ಎಲ್ಲ ಹೇಳಿ, ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದರು. ನಾನು ಲೋಕ ಬಲ್ಲವನಂತೆ, ಮಹಾಗಾಂವದ ಭಾಗ ಸರಿಯಾಗಿಯೇ ಇದೆಯಲ್ಲ, ಕಮಲಾಪುರದ್ದಕ್ಕೆ ಒಂದು ಅಡಿಟಿಪ್ಪಣಿ ಹಾಕಿದರೆ ಸಾಕು ಎಂದೆ. "ದೌಲಪ್ಪನವರ ತೋಟ ಅಡಿಟಿಪ್ಪಣಿದಾಗ ಇಲ್ಲ ಸರ್," ಎಂದರು. ಈ ಮಾತಿಗೆ ಮಾತ್ರ ಅವರು "ಸದ್ಯಕ್ಕ" ಎಂದು ಸೇರಿಸಲಿಲ್ಲ. ನನಗೆ ನಾಚಿಕೆಯಾಯಿತು. ಸಂಶೋಧನಾ ಪತ್ರಿಕೆಗೆ ಬರೆದ ಪತ್ರದಲ್ಲಿ ಕಾರಣವನ್ನು ಇದ್ದದ್ದು ಇದ್ದ ಹಾಗೆ ತಿಳಿಸಿದರು. ಅಲ್ಲಿಯ ಸಂಪಾದಕರು ಚಹಾ ಜರಡಿ ಎಂದರೆ ಯಾವುದಾದರೂ ಉಪಕರಣದ ಹೆಸರೇ ಎಂದು ಮರುಪತ್ರ ಬರೆದು ಕೇಳಿದರಂತೆ.

ಮನೆಯಲ್ಲಿ ಈ ಕತೆ ಕೇಳಿದ ಖುರ್ಷೀದ್ ಬೇಗಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಗಳ ಏಳು ವರ್ಷ ಮಣ್ಣಾದದ್ದು ಅವರಿಗೆ ತಿಳಿಯದೆ ಇರಲಿಲ್ಲ. ಆದರೆ ಅಲ್ಲೊಬ್ಬಳು ತಮಗಿಂತ ಮೇಲಿನವಳು ಇದ್ದಾಳೆ ಎಂಬ ಸಂತೋಷ ಅದಕ್ಕೂ ಮಿಗಿಲಾಗಿತ್ತು. "ವೋ ಅಮ್ಮಾ ಕೋ ಏಕ್ ನಯೀ ಛನ್ನಿ ಭೇಜ್," ಎಂದು, ಆ ಅಮ್ಮನಿಗೆ ಒಂದು ಹೊಸ ಜರಡಿ ಕಳಿಸು ಎಂದು, ಹಟ ಹಿಡಿದರು. ಮೇಡಂ ಜಗತ್ ವೃತ್ತದ ಪಾತ್ರೆ ಅಂಗಡಿಯಲ್ಲಿ ಒಂದು ಸ್ಟೀಲ್ ಜರಡಿ ಕೊಂಡದ್ದು ನಿಜ. ಕೊಳ್ಳುವ ಮೊದಲು ಅದರ ತೂತನ್ನು ಅಳೆದದ್ದೂ ನಿಜ.

ಸುದ್ದಿ ಹಾಕಿದ್ದ ಪತ್ರಿಕೆಗೆ ತಿದ್ದುಪಡಿಯನ್ನು ಕನ್ನಡದಲ್ಲಿ ಬರೆದುಕೊಟ್ಟವನು ನಾನು. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಕೆಟ್ಟ ಸುದ್ದಿಗೆ ಅರ್ಧ ಪುಟ, ಒಳ್ಳೆಯದಕ್ಕೆ ಬೆರಳಗಲ ಜಾಗ, ಇದು ಲೋಕದ ರೀತಿ, ಇಷ್ಟಾದರೂ ಬಂತಲ್ಲ ಎಂದು ನಾನು ತೃಪ್ತನಾದೆ. ಮೇಡಂ ಆಗಲಿಲ್ಲ. ಮುಂದಿನ ಭಾನುವಾರ ಕೋಟು ತೊಟ್ಟು, ಪತ್ರಿಕೆಯ ಆ ತುಂಡನ್ನು ಹಿಡಿದುಕೊಂಡು ಕಮಲಾಪುರದಲ್ಲಿ ಬಸ್ ಇಳಿದರು. ರಸ್ತೆಯ ಬದಿಗೆ ಕೆಂಪು ಬಾಳೆಯ ಗೊನೆಗಳನ್ನು ತೂಗುಹಾಕಿಕೊಂಡು ಕುಳಿತ ಒಂದೊಂದು ಅಂಗಡಿಯ ಮುಂದೆಯೂ ನಿಂತು ಅದನ್ನು ಓದಿದರು. ಓದಿ, "ತಪ್ಪು ನಂದ್ರಿ. ದೌಲಪ್ಪನವರು ಔಷಧ ಹೊಡದಿಲ್ಲ," ಎಂದರು. ಕೆಲವರು ಕೇಳಿದರು, ಕೆಲವರು ಎಷ್ಟು ಚಿಪ್ಪು ಕಟ್ಟಲಿ ಎಂದರು. ಸಾಯಬಣ್ಣ ಎಂಬ ಅಂಗಡಿಯವನೊಬ್ಬ, "ಇಷ್ಟು ಸಣ್ಣ ವಿಷಯಕ್ಕ ಬಿಸಲಾಗ ಯಾಕ ತಿರಗ್ತೀರಿ ಮೇಡಂ?" ಎಂದು ಕುಡಿಯಲು ನೀರು ಕೊಟ್ಟ. ಕೆಮ್ಮುತ್ತ, ಓದುತ್ತ, ಹನ್ನೊಂದು ಅಂಗಡಿ ಮುಗಿಸಿ, ನಡು ಮಧ್ಯಾಹ್ನದ ಹೊತ್ತಿಗೆ ತೋಟ ಸೇರಿದರು. ಹೈದರಾಬಾದಿನವರಿಗೆ ಹಿಂದಿನ ವಾರವೇ ಪತ್ರ ಹೋಗಿತ್ತು. ಅವರಿಂದ ಉತ್ತರ ಬಂದಿರಲಿಲ್ಲ.

ದೌಲಪ್ಪ ಬದುವಿನ ಮೇಲೆ ಕುಳಿತಿದ್ದರು. ಅಂಗಡಿಗಳ ಸುದ್ದಿ ಮೇಡಂಗಿಂತ ಮುಂಚೆ ಬಂದು ಮುಟ್ಟಿತ್ತು. ಭಾಗಮ್ಮ ಹೊಸ ಜರಡಿಯನ್ನು ಅತ್ತಿತ್ತ ತಿರುಗಿಸಿ ನೋಡಿ, ಹಿಗ್ಗಬೇಕೋ ನಾಚಬೇಕೋ ತಿಳಿಯದೆ ಒಳಗಿಟ್ಟು ಬಂದರು. ಮೇಡಂ ಹೊಸ ಪದ್ಧತಿಯನ್ನು ವಿವರಿಸಿದರು: ಇನ್ನು ಲೋಟದಲ್ಲಿ ನೀರಿಲ್ಲ. ಹತ್ತಿ ಬರದಂತೆ ಒಳಗೆ ಪೌಡರು ಸವರಿದ ಒಣ ಲೋಟ. ಎಣಿಸಿ ಬಿಡುವುದು, ಬಗೆಗೆ ಎರಡು ಮಾತ್ರ ಇಟ್ಟುಕೊಳ್ಳುವುದು. ಜೊತೆಗೆ, ಕಣ್ಣಿಗೆ ಕಂಡದ್ದಕ್ಕೂ ಪುಸ್ತಕದಲ್ಲಿ ಬೇರೆ ಒಂದು ಪುಟ.

"ಎರಡ್ಯಾಕ್ರಿ? ಒಂದು ಸಾಲಂಗಿಲ್ಲೇನು?" ಭಾಗಮ್ಮ ಸಂತೆಯ ದನಿಯಲ್ಲಿ ಕೇಳಿದರು.

"ಎರಡು ಬೇಕವ್ವ."

"ಹಂಗಾದ್ರ ವಯಸ್ಸಾದಾವು ನೋಡಿ ತಗೋರಿ."

ದೌಲಪ್ಪ ಮೇಡಂ ಕಡೆ ತಿರುಗಿ, "ಮೊದಲಿಂದ ಎಣಸ್ತೀರೇನು?" ಎಂದರು.

"ಮೊದಲಿಂದ."

"ಏಳು ವರ್ಷ?"

"ಏಳು ವರ್ಷ. ನನ್ನ ನೌಕರಿ ಉಳದದ್ದೂ ಅಷ್ಟೇ."

ದೌಲಪ್ಪ ತೋಟದ ಕಡೆ ನೋಡಿದರು. ಕಬ್ಬಿನ ಬಿತ್ತನೆಗೆ ಮಾತಾಡಿ, ಟ್ರ್ಯಾಕ್ಟರಿಗೂ ಹೇಳಿ ಬಂದಿದ್ದರು. ಬುಡದಲ್ಲಿ ಒಡೆದಿದ್ದ ಬಾಳೆಯ ಎಳೆ ಕಂದುಗಳನ್ನು ಆ ವರ್ಷ ಬಿಡಿಸಿ ನೆಡುವ ಗೋಜಿಗೇ ಹೋಗಿರಲಿಲ್ಲ. ಎದ್ದು, ಮೊಣಕಾಲಿಗೆ ಹತ್ತಿದ ಮಣ್ಣು ಕೊಡವಿಕೊಂಡು, ಗುದ್ದಲಿ ಎತ್ತಿಕೊಂಡರು.

"ನಿಮಗ ಎಣಸಾಕ ತೋಟ ಬೇಕಲ್ರಿ," ಎಂದರು. "ಕಬ್ಬ ಬ್ಯಾಡಂತ ಹೇಳಿ ಕಳಸ್ತೀನಿ."

ಸಣ್ಣದನ್ನು ಎಣಿಸುತ್ತ ಆಯುಷ್ಯ ಕಳೆಯುವವರನ್ನು ಕಂಡು ನಾವು ನಗುತ್ತೇವೆ, ನಾನಂತೂ ನಕ್ಕಿದ್ದೇನೆ. ಅವರ ಲೆಕ್ಕ ತಪ್ಪುವುದೂ ಉಂಟು, ನಮ್ಮೆಲ್ಲರ ಲೆಕ್ಕದ ಹಾಗೆ. ಆದರೆ ನಾವು ತಪ್ಪಿದಾಗ ಪುಟ ಮಗುಚುತ್ತೇವೆ. ಆ ಜಾತಿಯ ಜನ ತಪ್ಪು ಹೋಗಿ ಬಿದ್ದ ಅಂಗಳದವರೆಗೆ ನಡೆದುಹೋಗಿ, ಬಾಗಿಲಲ್ಲಿ ನಿಂತು, ಮತ್ತೆ ಒಂದರಿಂದ ಶುರುಮಾಡುತ್ತಾರೆ. ತಪ್ಪದವರನ್ನು ಲೋಕ ಮೆಚ್ಚಬಹುದು. ಒಬ್ಬ ಮನುಷ್ಯ ಕೀಳಬೇಕೆಂದಿದ್ದ ಬಾಳೆಯನ್ನು ಇನ್ನೇಳು ವರ್ಷ ಉಳಿಸಿಕೊಳ್ಳುವುದು ಮಾತ್ರ ಇಂಥವರನ್ನು ನಂಬಿ.